ಸೋಪಿನ ಮುದ್ರೆ

ಅಜ್ಜಿಯರು ಹೇಳುವ ಕತೆಗಳಲ್ಲಿ ರಾಕ್ಷಸನ ಜೀವ ಅವನ ಮೈಯೊಳಗೆ ಇರುವುದಿಲ್ಲ. ಎಲ್ಲೋ ದೂರದಲ್ಲಿ, ಪಂಜರದೊಳಗಿನ ಗಿಳಿಯ ಎದೆಯಲ್ಲಿರುತ್ತದೆ. ಆ ಮನೆಯ ಜೀವವೂ ಹಾಗೆಯೇ ಮನೆಯೊಳಗೆ ಇರಲಿಲ್ಲ. ಹಿತ್ತಿಲ ತಗಡಿನ ಮಾಡಿನಡಿ, ಇಟ್ಟಿಗೆಗಳ ಮೇಲೆ ಕೂತಿದ್ದ ಕೆಂಪು ಜನರೇಟರಿನ ಟ್ಯಾಂಕಿನಲ್ಲಿತ್ತು.

ನಡುಮನೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಕಾವಿನ ಪೆಟ್ಟಿಗೆ. ಒಳಗೆ ಬಲ್ಬು, ಫ್ಯಾನು, ನೀರಿನ ತಟ್ಟೆ, ಸಾಲುಸಾಲಾಗಿ ಕೋಳಿಮೊಟ್ಟೆ. ಮರಿ ಮಾಡಿ ಮಾರುವುದು ಸೊಸೆಯ ಕಸುಬು. ಮದುವೆಯಾದಾಗ ಒಂದು ಬುಟ್ಟಿ, ಒಂದು ಹೇಂಟೆಯಿಂದ ಶುರುಮಾಡಿ ಈ ಪೆಟ್ಟಿಗೆಯವರೆಗೆ ಬಂದಿದ್ದಳು. ದಿನಕ್ಕೆ ಹಲವು ಸಲ ಮೊಟ್ಟೆ ಮಗ್ಗುಲು ತಿರುಗಿಸುವಾಗ ಅವಳ ಮುಖ ಕಂಡವರು, ಇವಳು ಎಣಿಸುತ್ತಿದ್ದಾಳೋ ಲಾಲಿ ಹಾಡುತ್ತಿದ್ದಾಳೋ ಎಂದು ಕೇಳಬೇಕು, ಹಾಗಿರುತ್ತಿತ್ತು. ಆ ಓಣಿಯಲ್ಲಿ ಕರೆಂಟು ಬಂದುಹೋಗುವ ನೆಂಟ. ಅದಕ್ಕೇ ತವರಿನ ಬಳೆ ಕಳಚಿ ಅವಳೇ ಜನರೇಟರು ತಂದಿದ್ದು. ತಂದವಳು ಅವಳಾದರೂ ಅದು ಕೂತದ್ದು ಮಾವನ ಹಿತ್ತಿಲಲ್ಲಿ, ಪೆಟ್ರೋಲು ಬರುವುದು ಮಾವನ ಡಬ್ಬಿಯ ದುಡ್ಡಲ್ಲಿ.

ಮಾವ ಲಾರಿ ಓಡಿಸಿ ನಿವೃತ್ತರಾದವರು. ಕೂದಲು ನರೆತ ದೊಡ್ಡ ಮಗ, ಅವಳ ಗಂಡ, ಸಂಬಳ ಪೂರ್ತಿ ತಂದು ಅವರ ಡಬ್ಬಿಗೆ ಹಾಕಬೇಕು. ಬೆಳಿಗ್ಗೆ ಬಸ್ಸಿನ ಚಿಲ್ಲರೆಗೆ ಅದೇ ಡಬ್ಬಿಯ ಮುಂದೆ ಕೈಯೊಡ್ಡಿ ನಿಲ್ಲಬೇಕು. ಚಿಕ್ಕ ಮಗ ಮಾತ್ರ ಈ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಅವನು ಕೊರಿಯರ್ ಹಂಚುವವನು, ಸ್ವಂತ ಬೈಕು, ಮನೆಖರ್ಚಿಗೆ ತನ್ನ ಪಾಲು ಕೊಟ್ಟು ಉಳಿದದ್ದು ತನ್ನ ಜೇಬಲ್ಲೇ. ಅದಕ್ಕೆ ಮಾವ ಅವನನ್ನು 'ಪಾರ್ಸೆಲ್ ಸಾಹೇಬ್ರು' ಅನ್ನುತ್ತಿದ್ದರು.

ಮುಖ ತೊಳೆಯುವ ಮೊದಲೇ ಹಿತ್ತಿಲಿಗೆ ಹೋಗಿ ಟ್ಯಾಂಕಿಗೆ ಒಂದು ಕಡ್ಡಿ ಇಳಿಸಿ ನೋಡುವುದು ಮಾವನ ಲಾರಿ ಕಾಲದ ಅಭ್ಯಾಸ. ಆವತ್ತು ಕಡ್ಡಿ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

"ನಿನ್ನೆ ಒದ್ದೆ ಇಲ್ಲೀವರೆಗೆ ಇತ್ತು. ಇವತ್ತು ನೋಡು, ಇಲ್ಲಿ. ನಡುವೆ ಇದ್ದದ್ದು ಏನಾಯ್ತು?"

"ಸಂಜೆ ಕರೆಂಟು ಹೋಗಿತ್ತಲ್ಲ ಮಾವ, ಸ್ವಲ್ಪ ಹೊತ್ತು ಓಡಿಸಿದ್ದೆ," ಅಂದಳು ಸೊಸೆ, ರೊಟ್ಟಿ ತಿರುವುತ್ತಾ.

"ಅದು ಎಷ್ಟು ಹೊತ್ತಿಗೆ ಎಷ್ಟು ಕುಡಿಯುತ್ತೆ ಅಂತ ನನಗೆ ಪಾಠ ಹೇಳ್ಬೇಡಮ್ಮ. ಜೀವಮಾನ ಪೂರ್ತಿ ಟ್ಯಾಂಕಿನ ಹೊಟ್ಟೆ ಅಳೆದವನು ನಾನು. ಯಾರೋ ಕದೀತಿದಾರೆ."

"ಮೊದಲು ಬಾಯಿ ತೊಳ್ಕೊಂಡು ಬನ್ನಿ," ಅಂದರು ಅತ್ತೆ. "ಆಮೇಲೆ ಕಳ್ಳನ್ನ ಹಿಡೀರಿ."

ಬೂಟಿಗೆ ಕಾಲು ತೂರಿಸುತ್ತಿದ್ದ ಮೈದುನ ನಕ್ಕ. "ಇಲಿ ಕುಡಿದಿರುತ್ತೆ ಬಿಡಿ ಅಪ್ಪ. ಪಾಪ, ಅದಕ್ಕೂ ಈ ಮನೇಲಿ ಬಸ್ ಚಾರ್ಜು ಸಿಕ್ಕಿಲ್ಲ ಕಾಣುತ್ತೆ."

ಗಂಡ ಮಾತ್ರ ನಗಲಿಲ್ಲ. ಚಹಾದ ಲೋಟ ತೊಳೆದಿಟ್ಟು, ಡಬ್ಬಿಯ ಮುಂದೆ ಕೈ ಚಾಚಿ ಚಿಲ್ಲರೆ ತಗೊಂಡು ಕೆಲಸಕ್ಕೆ ಹೊರಟ.

ಎರಡು ದಿನ ಬಿಟ್ಟು ಕಡ್ಡಿಯ ಒದ್ದೆ ಮತ್ತೆ ಇಳಿಯಿತು. ಮಾವ ಜನರೇಟರಿಗೆ ಸರಪಳಿ ಬಿಗಿದು ಕಂಬಕ್ಕೆ ಕಟ್ಟಿದರು. ಸರಪಳಿ ಹಾಗೇ ಇತ್ತು, ಕಡ್ಡಿ ಮಾತ್ರ ಇನ್ನಷ್ಟು ಇಳಿಯಿತು. ಆಗ ಅವರಿಗೆ ನೆನಪಾಯಿತು, ದೊಡ್ಡ ಮಗ ವೆಲ್ಡರ್ ಅಲ್ಲವೇ.

"ಟ್ಯಾಂಕಿನ ಮೇಲೆ ಒಂದು ಪಂಜರ ಮಾಡು. ಮುಚ್ಚಳಕ್ಕೆ ಯಾರ ಕೈಯೂ ಹೋಗಬಾರದು. ಬೀಗ ನಾನು ಹಾಕ್ತೀನಿ."

ಮಗ ಒಂದು ಭಾನುವಾರ ಪೂರ್ತಿ ಹಿತ್ತಿಲಲ್ಲಿ ಕೂತು ಸರಳು ಕತ್ತರಿಸಿ, ಬೆಸೆದು, ಉಜ್ಜಿ, ಪಂಜರ ಮಾಡಿದ. ಅಂಥ ನಾಜೂಕಿನ ಕೆಲಸ ಅವನು ಸಾಹುಕಾರರ ಗೇಟಿಗೂ ಮಾಡಿರಲಿಕ್ಕಿಲ್ಲ. ಮಾವ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ನೋಡ್ರೋ, ಇವನು ಮಗ ಅಂದ್ರೆ," ಅಂದರು, ಮೈದುನನಿಗೆ ಕೇಳುವ ಹಾಗೆ.

ಆದರೂ ಕಡ್ಡಿ ಇಳಿಯುವುದು ನಿಲ್ಲಲಿಲ್ಲ. ಅದೇ ವಾರದಲ್ಲಿ ಸೊಸೆ ಗಂಡನ ಬುತ್ತಿಯ ಚೀಲ ಒಗೆಯಲು ತೆಗೆದಳು. ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಪೆಟ್ರೋಲಿನ ವಾಸನೆ. ಚೀಲದ ತಳದಲ್ಲಿ ನೀರಿನ ಬಾಟಲಿ. ಮುಚ್ಚಳ ತೆಗೆದು ಮೂಗಿಗೆ ಹಿಡಿದವಳು ಅಲ್ಲೇ ಕಲ್ಲಿನ ಮೇಲೆ ಕೂತಳು.

ಸಂಜೆ ಗಂಡ ಕೈಕಾಲು ತೊಳೆಯುವಾಗ ಟವೆಲು ಕೊಡುತ್ತಾ ಕೇಳಿದಳು, "ಪಂಜರ ನೀವೇ ಮಾಡಿದ್ರಲ್ಲ. ಮತ್ತೆ ಎಲ್ಲಿಂದ ತೆಗೀತೀರಿ?"

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೇ ಹೇಳಿದ, "ಕೆಳಗಿಂದ. ಕಾರ್ಬೊರೇಟರಿಗೆ ಹೋಗೋ ಪೈಪು ಎಳೆದ್ರೆ ಆಯ್ತು."

"ಯಾಕೆ?"

"ಬೈಕಿಗೆ."

"ಯಾರ ಬೈಕು?"

ಅವನು ಟವೆಲು ಇಳಿಸಿದ. ತಪ್ಪು ಮಾಡಿದವನಿಗಿಂತ ಹೆಚ್ಚಾಗಿ ಆಟಿಕೆ ಬಚ್ಚಿಟ್ಟವನ ಮುಖ ಅದು. "ನಂದು. ಓವರ್‌ಟೈಮ್ ದುಡ್ಡು ಕೂಡಿಸಿ ಹಳೇದೊಂದು ತಗೊಂಡೆ. ಮೂಲೆ ಪಂಕ್ಚರ್ ಅಂಗಡೀಲಿ ನಿಲ್ಲಿಸ್ತೀನಿ. ಅಪ್ಪ ಕೊಡೋ ಚಿಲ್ಲರೆ ಪೆಟ್ರೋಲಿಗೆ ಸಾಲಲ್ಲ. ಕೆಲಸ ಈಗ ಊರಾಚೆ ಕಣೇ. ಬಸ್ಸು ಇಳಿದ ಮೇಲೂ ಬಿಸಿಲಲ್ಲಿ ನಡೀಬೇಕು. ಅಪ್ಪನಿಗೆ ಹೇಳಿದ್ರೆ ನಡೆದ್ರೆ ಕಾಲು ಸವೆಯುತ್ತಾ ಅಂತಾರೆ. ಹೋಗ್ತಾ ಬೈಕಿನ ಮೇಲೆ ಒಂದು ಗಾಳಿ ಬರುತ್ತೆ ನೋಡು, ಆ ಹೊತ್ತು ಒಂದೇ ನಾನು ಯಾರ ಮಗನೂ ಅಲ್ಲ."

ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು. "ನನ್ನ ಪೆಟ್ಟಿಗೆ ಪೆಟ್ರೋಲ್ ಅದು."

"ಗೊತ್ತು. ಬಿಟ್ಬಿಡ್ತೀನಿ. ನೀನು ಈ ಸಲದ ಮರಿ ಒಡೆಯೋವರೆಗೆ ಸುಮ್ನಿರು, ಅಷ್ಟೇ."

ಅವಳು ಸುಮ್ಮನಿದ್ದಳು. ಅದಕ್ಕೆ ಅವಳದೇ ಲೆಕ್ಕವಿತ್ತು. ಆ ಬೆಳಿಗ್ಗೆ ಮಾವ ಎಲ್ಲರೆದುರು ಹೇಳಿಬಿಟ್ಟಿದ್ದರು: ಇನ್ನೊಂದು ಸಲ ಕಡ್ಡಿ ಇಳಿದು, ಕಳ್ಳ ಸಿಗಲಿಲ್ಲ ಅಂದರೆ ಈ ಜನರೇಟರನ್ನೇ ಮಾರಿಬಿಡ್ತೀನಿ. ಪೆಟ್ಟಿಗೆ ತುಂಬ ಮೊಟ್ಟೆ. ಈ ಸಲದ ಮರಿಗಳನ್ನು ದೊಡ್ಡ ಫಾರಂನವರು ಬೇಕೆಂದಿದ್ದರು. ಚೆನ್ನಾಗಿ ಬಂದರೆ ವರ್ಷಪೂರ್ತಿ ನಿನ್ನ ಹತ್ತಿರವೇ ತಗೋತೀವಿ ಎಂದಿದ್ದರು. ಆ ಮಾತು ಕೈಗೆ ಸಿಕ್ಕರೆ ಡಬ್ಬಿಯ ಮುಂದೆ ಕೈಯೊಡ್ಡುವ ಸಾಲಿನಿಂದ ಅವಳೂ ಗಂಡನೂ ಹೊರಗೆ ಬರುತ್ತಿದ್ದರು. ಮರಿ ಹೊರಬರಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು ಅಂದುಕೊಂಡಳು.

ಗಂಡ ಮಾತು ಕೊಟ್ಟ. ಮರುದಿನವೇ ಮುರಿದ, ಕಡ್ಡಿ ಇನ್ನೊಮ್ಮೆ ಇಳಿಯಿತು.

ಆವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ರೊಟ್ಟಿ, ಬೇಳೆ, ಹೆಚ್ಚಿದ ಈರುಳ್ಳಿ. ಮಾವ ಮಾತ್ರ ಕೂತಿರಲಿಲ್ಲ. ಮೈದುನನ ಕೊರಿಯರ್ ಚೀಲ ತಂದು ತಟ್ಟೆಗಳ ನಡುವೆಯೇ ಸುರಿದರು. ಅಂಟುಪಟ್ಟಿ, ಪೆನ್ನು, ಮಳೆಕೋಟು, ಕೊನೆಯಲ್ಲಿ ಒಂದು ಗೇಣುದ್ದದ ರಬ್ಬರ್ ಪೈಪು.

"ಇದೇನು ಸಾಹೇಬ್ರೇ?"

"ಪೈಪು."

"ಅದು ನನಗೂ ಕಾಣುತ್ತೆ. ಯಾವುದಕ್ಕೆ?"

"ಬೈಕಿನದು ಅಪ್ಪ. ಹರಿದಿತ್ತು, ಬದಲಾಯಿಸಿದೆ. ಹಳೇದು ಹಾಗೇ ಚೀಲದಲ್ಲಿ ಉಳೀತು."

"ಮೂಸು, ಮೂಸು! ಪೆಟ್ರೋಲ್ ವಾಸನೆ ಹೊಡೀತಾ ಇಲ್ಲ?"

"ಬೈಕಿನ ಪೈಪಲ್ಲಿ ಮಲ್ಲಿಗೆ ವಾಸನೆ ಬರುತ್ತಾ?"

"ನಾಲಿಗೆ ಬಿಗಿ ಹಿಡಿ. ಈ ಮನೇಲಿ ಬೈಕು ಇರೋದು ನಿನ್ನೊಬ್ಬನ ಹತ್ರ. ಎಂಜಿನ್ ಬಿಚ್ಚೋಕೆ ಬರೋದು ನಿನಗೊಬ್ಬನಿಗೆ. ದುಡ್ಡು ಡಬ್ಬಿಗೆ ಹಾಕದೋನು ನೀನೊಬ್ಬ."

"ಓಹೋ, ಅಲ್ಲಿಗೆ ಬಂತಾ," ಅಂದ ಮೈದುನ. "ಕೋಪ ಪೆಟ್ರೋಲಿನದ್ದಲ್ಲ, ಡಬ್ಬಿದು. ಅಪ್ಪ, ನಾನು ಕದ್ದಿಲ್ಲ. ಅಮ್ಮನ ಆಣೆ."

"ಆಣೆ ಎಲ್ಲ ಯಾಕೋ ಊಟದ ಹೊತ್ತಲ್ಲಿ," ಅಂದರು ಅತ್ತೆ.

ಮೈದುನ ಅಣ್ಣನ ಕಡೆ ತಿರುಗಿದ. "ಅಣ್ಣ, ನೀನಾದ್ರೂ ಹೇಳೋ. ನಾನು ಅಂಥೋನಾ?"

ಅಣ್ಣ ತಟ್ಟೆಯ ರೊಟ್ಟಿಯನ್ನು ಚೂರು ಮಾಡುತ್ತಿದ್ದ. ಚೂರನ್ನು ಮತ್ತೆ ಚೂರು ಮಾಡಿದ.

"ಅತ್ತಿಗೆ?"

ಆ ಮನೆಯಲ್ಲಿ ಅವಳ ಕಸುಬನ್ನು ಕಸುಬು ಅಂತ ಮೊದಲು ಕರೆದವನು ಅವನು. ತನ್ನ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ ಎಷ್ಟೋ ಮನೆಗಳಿಗೆ ಅವಳ ಮರಿಗಳನ್ನು ಮುಟ್ಟಿಸಿ ಬಂದವನು. ಸೊಸೆ ಬೇಳೆಯ ಪಾತ್ರೆಗೆ ಸೌಟು ಹಾಕಿದಳು.

"ಇನ್ನೊಂಚೂರು ಬೇಳೆ ಹಾಕ್ಲಾ?" ಅಂದಳು.

ಅವನು ತಟ್ಟೆ ಸರಿಸಿ ಎದ್ದ. ಆಮೇಲೆ ಕೈ ತೊಳೆದು, ಚೀಲಕ್ಕೆ ಎಲ್ಲ ತುಂಬಿಕೊಂಡು, ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೊರಟ. ಅತ್ತೆ ಗೇಟಿನವರೆಗೆ ಹಿಂದೆ ಹೋದರು. "ಎಲ್ಲಿ ಮಲಗ್ತೀಯೋ?"

"ಗೋಡೌನಲ್ಲಿ. ಅಲ್ಲಿ ಎಲ್ಲ ಪಾರ್ಸೆಲ್ಲುಗಳೇ ಅಮ್ಮ, ನನಗೂ ಜಾಗ ಇರುತ್ತೆ."

ಅವನು ಹೋದ ಮೇಲೆ ಗಂಡನಿಗೆ ಹೆದರಿಕೆ ಹತ್ತಿತು. ಜನರೇಟರಿನ ಹತ್ತಿರ ಸುಳಿಯಲಿಲ್ಲ. ಬೈಕನ್ನು ಪಂಕ್ಚರ್ ಅಂಗಡಿಯವನಿಗೇ ಬಂದಷ್ಟಕ್ಕೆ ಮಾರಿ ಬಸ್ಸಿನಲ್ಲೇ ಓಡಾಡತೊಡಗಿದ. ಕಡ್ಡಿ ಇಳಿಯುವುದು ನಿಂತಿತು. ಮಾವ ದಿನಾ ಬೆಳಿಗ್ಗೆ ಅದನ್ನು ಹೆಂಡತಿಯ ಮೂಗಿನ ಮುಂದೆ ಹಿಡಿಯುತ್ತಿದ್ದರು.

"ನೋಡಿದ್ಯಾ? ಪಾರ್ಸೆಲ್ ಹೋಯ್ತು, ಪೆಟ್ರೋಲ್ ನಿಂತಿತು. ಇನ್ನೇನು ಸಾಕ್ಷಿ ಬೇಕು?"

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಲೆಯ ಕಡೆ ತಿರುಗುತ್ತಿದ್ದರು. ಸೊಸೆ ಮೊಟ್ಟೆಗಳ ಮಗ್ಗುಲು ಬದಲಿಸುತ್ತಿದ್ದಳು. ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳು, ಮಿಸುಕುವ ಒಂದು ಕಪ್ಪು ಚುಕ್ಕೆ. ಮೊದಲೆಲ್ಲ ಅವಳು ಅದರೊಂದಿಗೆ ಮಾತಾಡುತ್ತಿದ್ದಳು. ಈಗ ಬರೀ ಎಣಿಸಿ ಕೆಳಗಿಡುತ್ತಿದ್ದಳು.

ಮಾವನಿಗೆ ಗೆದ್ದದ್ದು ಸಾಲಲಿಲ್ಲ. "ಬೀಗಕ್ಕೆ ಕಳ್ಳ ಕೀಲಿ ಮಾಡಿಸಿಕೊಂಡಿದ್ರೆ? ಹಗಲು ಹೊತ್ತಲ್ಲಿ ಯಾರೂ ಇಲ್ಲದಾಗ ಬಂದ್ರೆ?" ಅಂದರು. ಲಾರಿಯಲ್ಲಿ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ನಾದಿ ಮೆತ್ತುವುದು ಡ್ರೈವರುಗಳ ಹಳೆಯ ಉಪಾಯ. ಮಾವ ಅದನ್ನೇ ಇಲ್ಲಿಗೆ ತಂದರು. ಸೋಪನ್ನು ಒದ್ದೆ ಮಾಡಿ ಹಿಟ್ಟಿನ ಹಾಗೆ ನಾದಿ, ಟ್ಯಾಂಕಿನ ಮುಚ್ಚಳದ ಮೇಲೆ, ಸುತ್ತ, ಸಂದಿಯಲ್ಲೆಲ್ಲ ದಪ್ಪಗೆ ಮೆತ್ತಿ, ಮೇಲೆ ತಮ್ಮ ಹೆಬ್ಬೆಟ್ಟು ಒತ್ತಿದರು. ಒಣಗಿ ಕಲ್ಲಾಯಿತು.

"ಈಗ ಯಾವನಾದ್ರೂ ಮುಚ್ಚಳ ಮುಟ್ಟಲಿ. ನನ್ನ ಹೆಬ್ಬೆಟ್ಟು ಒಡೆಯದೆ ಪೆಟ್ರೋಲ್ ಸಿಗಲ್ಲ," ಅಂದರು. ಅರಸರು ಪತ್ರಕ್ಕೆ ಮುದ್ರೆ ಹಾಕಿದ ಮೇಲೆ ಹೀಗೆ ಎದೆಯುಬ್ಬಿಸುತ್ತಿದ್ದರೋ ಏನೋ.

ಆಮೇಲೆ ಕೆಲವು ದಿನ ಕರೆಂಟು ಹೋದರೂ ಬೇಗ ಬರುತ್ತಿತ್ತು, ಜನರೇಟರು ಹೆಚ್ಚು ಓಡಲಿಲ್ಲ. ಒಂದು ಮಧ್ಯಾಹ್ನ ಸ್ವಲ್ಪ ಹೊತ್ತು ಓಡಿ, ಕೆಮ್ಮಿ, ನಿಂತುಹೋಯಿತು. ಅಷ್ಟರಲ್ಲೇ ಕರೆಂಟು ಬಂದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮರಿ ಒಡೆಯುವ ದಿನ ಬಂತು. ಚಳಿ ಕಚ್ಚುವ ಬೆಳಿಗ್ಗೆ. ಪೆಟ್ಟಿಗೆಗೆ ಕಿವಿಯಿಟ್ಟರೆ ಚಿಪ್ಪಿನೊಳಗಿಂದ ಕೀಚು ಕೀಚು ದನಿ, ಬಾಗಿಲಾಚೆ ಮಕ್ಕಳು ಗುಟ್ಟು ಮಾತಾಡಿದ ಹಾಗೆ. ಅತ್ತೆಯೂ ಬಂದು ಕಿವಿಯಿಟ್ಟು ಎಷ್ಟೋ ದಿನಗಳ ಮೇಲೆ ನಕ್ಕರು. ಕೆಲವು ಮೊಟ್ಟೆಗಳಲ್ಲಿ ಆಗಲೇ ಬಿರುಕು. ಸೊಸೆ ಫಾರಂನವರಿಗೆ ಫೋನು ಮಾಡಿ ನಾಳೆ ಬನ್ನಿ ಅಂದಳು.

ತಿಂಡಿಯ ಹೊತ್ತಿಗೆ ಓಣಿಯ ತುದಿಯ ಟ್ರಾನ್ಸ್‌ಫಾರ್ಮರ್ ಢಬ್ ಎಂದಿತು. ಲೈನಿನವರು ಬಂದು ನೋಡಿ, ಸುಟ್ಟಿದೆ, ಸಂಜೆಯೊಳಗೆ ಆಗಲ್ಲ ಅಂದು ಹೋದರು.

ಸೊಸೆ ಜನರೇಟರಿನ ಹಗ್ಗ ಎಳೆದಳು. ಶುರುವಾಯಿತು. ಪೆಟ್ಟಿಗೆಯ ಬಲ್ಬು ಹತ್ತಿತು. ಅವಳು ಒಳಗೆ ಬಂದು ನೀರಿನ ತಟ್ಟೆ ತುಂಬುವಷ್ಟರಲ್ಲಿ ಹಿತ್ತಿಲಲ್ಲಿ ಕೆಮ್ಮು, ಎರಡು ಬಿಕ್ಕಳಿಕೆ, ಮೌನ.

ಮಾವ ಬೀಗ ತೆಗೆದು, ಸೋಪು ಒಡೆದು, ಮುಚ್ಚಳ ಬಿಚ್ಚಿ ಕಡ್ಡಿ ಇಳಿಸಿದರು. "ತುಂಬಾ ಇದೆಯಲ್ಲ!" ಮುಚ್ಚಿ, ಮತ್ತೆ ಸೋಪು ಮೆತ್ತತೊಡಗಿದರು.

"ಮಾವ, ಅದೆಲ್ಲ ಆಮೇಲೆ ಮಾಡಿ, ಮೊದಲು ಶುರುಮಾಡೋಣ."

"ಸುಮ್ನಿರಮ್ಮ. ಇಂಥ ಗಡಿಬಿಡಿಯಲ್ಲೇ ಕಳ್ಳರಿಗೆ ದಾರಿ ಆಗೋದು."

ಹಗ್ಗ ಎಳೆದರು. ಓಡಿತು. ಮತ್ತೆ ಅಷ್ಟೇ ಹೊತ್ತಿಗೆ ಕೆಮ್ಮಿ ಸತ್ತಿತು. ಮೂರನೆಯ ಸಲ ನಿಂತಾಗ ಮಾವ ಕಡ್ಡಿ ಎಸೆದರು. "ಗೊತ್ತಾಯ್ತು. ಸಕ್ಕರೆ! ಹೋಗೋ ಮುಂಚೆ ಟ್ಯಾಂಕಿಗೆ ಸಕ್ಕರೆ ಸುರಿದು ಹೋಗಿದಾನೆ ಆ ಪಾರ್ಸೆಲ್!"

"ನನ್ನ ಮಗ ಚಹಾಕ್ಕೇ ಸಕ್ಕರೆ ಹಾಕ್ಕೊಳ್ಳಲ್ಲ," ಅಂದರು ಅತ್ತೆ.

"ದ್ವೇಷಕ್ಕೆ ಹಾಕ್ತಾನೆ."

ಫೋನು ಮಾಡಿದ್ದಕ್ಕೆ ಗಂಡ ಅರ್ಧ ಕೆಲಸ ಬಿಟ್ಟು ಬಂದ. ಪ್ಲಗ್ಗು ಬಿಚ್ಚಿ ಉಜ್ಜಿದ, ಕಾರ್ಬೊರೇಟರು ಬಿಚ್ಚಿದ, ಜೋಡಿಸಿದ. ಸೋಪಿನ ಮುದ್ರೆ ಮಾತ್ರ ಮುಟ್ಟಲಿಲ್ಲ, ಅದು ಅಪ್ಪನದು. ಎಂಜಿನ್ನು ಒಂದೆರಡು ಬಿಕ್ಕಳಿಕೆಯಲ್ಲೇ ನಿಂತಿತು. ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದರೆ, ಓಣಿಯವರದೆಲ್ಲ ಕೆಟ್ಟಿದೆ, ನಾಳೆ ನೋಡೋಣ ಎಂದು ಉತ್ತರ.

ಸೊಸೆ ನೀರು ಕಾಯಿಸಿ ಬಾಟಲಿಗಳಲ್ಲಿ ತುಂಬಿ ಪೆಟ್ಟಿಗೆಯೊಳಗೆ ಇಟ್ಟಳು. ಕಂಬಳಿ ಹೊದಿಸಿದಳು. ಬಾಟಲಿ ಆರಿದಂತೆ ಬದಲಿಸಿದಳು. ಒಂದು ಕಡೆ ಕಾವು ಹೆಚ್ಚು, ಇನ್ನೊಂದು ಕಡೆ ತಣ್ಣಗೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ದನಿ ತೆಳುವಾಗತೊಡಗಿತು. ಆಗ ಅವಳು ಮೈದುನನಿಗೆ ಫೋನು ಮಾಡಿದಳು.

"ಟ್ಯಾಂಕಿಗೆ ಏನು ಹಾಕಿದ್ದೀಯ ಹೇಳಿಬಿಡು ಅಂತ ಕೇಳು!" ಮಾವ ಹಿಂದಿನಿಂದ ಕೂಗಿದರು.

ಅವಳು ಅದನ್ನು ಕೇಳಲಿಲ್ಲ. "ಮರಿಗಳು ಸಾಯ್ತಿವೆ, ಬಾ," ಅಂದಳು ಅಷ್ಟೇ.

ಹಂಚಬೇಕಾದ್ದನ್ನೆಲ್ಲ ಹಂಚಿ ಅವನು ಬರುವಾಗ ಹೊತ್ತು ಇಳಿದಿತ್ತು. ಹೆಲ್ಮೆಟ್ಟು ತೆಗೆಯದೆ ಸೀದಾ ಹಿತ್ತಿಲಿಗೆ ಹೋದ. ಜನರೇಟರಿನ ಸುತ್ತ ಒಂದು ಸುತ್ತು ಬಂದು, "ಕೀಲಿ ಕೊಡಿ," ಅಂದ.

ಮಾವ ಉಡಿದಾರ ಗಟ್ಟಿ ಹಿಡಿದುಕೊಂಡರು. "ಕೊಡಲ್ಲ. ಒಂದ್ಸಲ ಕದ್ದ ಕೈಗೆ ನಾನು ಕೀಲಿ ಕೊಡಲ್ಲ."

"ಕೊಡಿ ಮಾವ," ಅಂದಳು ಸೊಸೆ.

"ನೀನು ನಡುವೆ ಬರಬೇಡ."

"ಅವನು ಕದ್ದಿಲ್ಲ ಮಾವ. ಇವರು ತೆಗೀತಿದ್ರು. ನಿಮ್ಮ ದೊಡ್ಡ ಮಗ. ಪಂಜರ ಬೆಸೆದ ಕೈಲೇ."

ಗಂಡ ಸ್ಪ್ಯಾನರು ಹಿಡಿದು ಕೂತಲ್ಲೇ ಕೂತಿದ್ದ. ಇಲ್ಲ ಅನ್ನಲಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಾವ ದೊಡ್ಡ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಗಂಟು ಬಿಚ್ಚಲು ಬಾರದೆ ಉಡಿದಾರವನ್ನೇ ಕಿತ್ತು ಕೀಲಿಯನ್ನು ನೆಲಕ್ಕೆ ಹಾಕಿದರು.

ಮೈದುನ ಬೀಗ ತೆಗೆದು, ಸೋಪಿನ ಗಡ್ಡೆಗೆ ಉಗುರು ಹಾಕಿ ಕೆರೆದ. ಮುಚ್ಚಳ ಸ್ವಲ್ಪ ತಿರುಗಿಸಿದ್ದೇ, ಸುಸ್ಸ್ ಎಂದು ಟ್ಯಾಂಕು ಉಸಿರು ಎಳೆದುಕೊಂಡಿತು.

"ಇದರಲ್ಲಿ ಸೂಜಿ ಮೊನೆಯಷ್ಟು ತೂತಿರುತ್ತೆ," ಅಂದ, ಮುಚ್ಚಳವನ್ನು ಬೆಳಕಿಗೆ ಹಿಡಿದು. "ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಮೇಲಿಂದ ಒಳಗೆ ಹೋಗಬೇಕು. ಇಲ್ದಿದ್ರೆ ಇಳಿಯಲ್ಲ. ಅದರ ಮೂಗು ಮುಚ್ಚಿದ್ದೀರಿ ಅಪ್ಪ."

"ಲಾರಿ ಟ್ಯಾಂಕಿಗೆ ಹೀಗಿರಲಿಲ್ಲ," ಅಂದರು ಮಾವ. "ಅದರ ಗಾಳಿ ಪೈಪೇ ಬೇರೆ ಕಡೆ."

"ಇದು ಲಾರಿ ಅಲ್ಲ."

ತೂತು ಬಿಡಿಸಿ, ಮುಚ್ಚಳ ಹಾಕಿ ಹಗ್ಗ ಎಳೆದ. ಎಂಜಿನ್ನು ಹತ್ತಿತು, ನಿಲ್ಲಲಿಲ್ಲ. ಆ ಹಿತ್ತಿಲಲ್ಲಿ ಅದೊಂದೇ ಬಾಯಿ ಬಿಟ್ಟು ಹರಟುತ್ತಿತ್ತು.

ಒಳಗೆ ಸೊಸೆ ಪೆಟ್ಟಿಗೆಯ ಬಾಗಿಲು ತೆರೆದಳು. ಮೇಲಿನ ತಟ್ಟೆಯ ಒಂದು ಮೂಲೆಯಲ್ಲಿ ಬೆರಳಲ್ಲಿ ಎಣಿಸುವಷ್ಟು ಮರಿಗಳು ಒದ್ದೆಯಾಗಿ ಒಂದರ ಮೇಲೊಂದು ಬಿದ್ದಿದ್ದವು. ಉಳಿದವು ಬಿರುಕಿನವರೆಗೆ ಬಂದು ನಿಂತಿದ್ದವು. ಕೆಲವುಗಳ ಬಿರುಕಿನಲ್ಲಿ ಕೊಕ್ಕಿನ ತುದಿ ಹೊರಗೆ ಕಾಣುತ್ತಿತ್ತು. ಅವಳು ಒಂದೊಂದನ್ನೇ ಕಿವಿಗೆ ಹಿಡಿದು ಕೆಳಗಿಟ್ಟಳು.

ಮೈದುನ ಬಾಗಿಲಲ್ಲಿ ನಿಂತಿದ್ದ. "ಯಾವಾಗಿಂದ ಗೊತ್ತಿತ್ತು ಅತ್ತಿಗೆ? ಆವತ್ತು, ಊಟದ ಹೊತ್ತಲ್ಲಿ?"

"ಗೊತ್ತಿತ್ತು."

"ಬೇಳೆ ಹಾಕ್ಲಾ ಅಂದ್ರಲ್ಲ."

"ಇವು ಹೊರಗೆ ಬರ್ಲಿ ಅಂತ ಕಾದೆ," ಅಂದಳು. ಕೈಯಲ್ಲಿ ಒಂದು ತಣ್ಣನೆ ಮೊಟ್ಟೆ.

ಅವನು ತಲೆಯಾಡಿಸಿದ, ವಿಳಾಸ ಖಾತ್ರಿ ಮಾಡಿಕೊಂಡವನ ಹಾಗೆ. ಅತ್ತೆ ತಟ್ಟೆ ಇಟ್ಟು ಕರೆದರು. ತೋಳು ಹಿಡಿದು ಎಳೆದರು. ಅವನು ಮೆಲ್ಲಗೆ ಬಿಡಿಸಿಕೊಂಡು, ಉಳಿದಿದ್ದ ಬಟ್ಟೆಗಳನ್ನೂ ಕಟ್ಟಿಕೊಂಡು ಹೋದ.

ಫಾರಂನವರು ಬಂದು ಪೆಟ್ಟಿಗೆಯೊಳಗೆ ಇಣುಕಿ, ಕೈಬೀಸಿ ಹೋದರು. ಗಂಡ ಹೆಂಡತಿಯೊಂದಿಗೆ ಮಾತು ಬಿಟ್ಟ. ಒಮ್ಮೆ ಮಾತ್ರ, ಸತ್ತ ಮೊಟ್ಟೆಗಳನ್ನು ಹೂಳಲು ಗುಂಡಿ ತೋಡುತ್ತಾ, "ಎಲ್ಲರ ಮುಂದೆ ಹೇಳಬೇಕಿತ್ತಾ?" ಅಂದ. ಅವಳು ಮಣ್ಣು ಎಳೆದಳು. ಮಾವ ತಪ್ಪಾಯಿತು ಅಂತ ಯಾರಿಗೂ ಹೇಳಲಿಲ್ಲ. ಆದರೆ ದೊಡ್ಡ ಮಗನಿಗೆ ಚಿಲ್ಲರೆ ಕೊಡುವಾಗ ಈಗ ಕೈಗೆ ಕೊಡುತ್ತಿರಲಿಲ್ಲ, ಜಗಲಿಯ ಮೇಲೆ ಇಡುತ್ತಿದ್ದರು.

ಚಳಿ ಕಳೆಯಿತು. ಸೊಸೆ ಬದುಕಿದ ಮರಿಗಳನ್ನು ಸಾಕಿ, ಮತ್ತೆ ಶುರುಮಾಡಲು ಪೆಟ್ಟಿಗೆಗೊಂದು ಹೊಸ ಫ್ಯಾನು ತರಿಸಿದಳು. ಒಂದು ಮಧ್ಯಾಹ್ನ ಗೇಟಿನ ಹೊರಗೆ ಬೈಕು ನಿಂತಿತು. ಸೀರೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಮೈದುನ ಹೆಲ್ಮೆಟ್ಟಿನ ಗಾಜು ಎತ್ತಿ, ಪೊಟ್ಟಣದ ಮೇಲಿನ ಹೆಸರು ಓದಿ, ಪೆನ್ನು ಚಾಚಿದ.

"ಇಲ್ಲಿ ಸಹಿ ಮಾಡಿ ಮೇಡಂ."

ಅವಳು ಪೆನ್ನು ಹಿಡಿದೇ ನಿಂತಳು. "ಒಳಗೆ ಬಾರೋ. ಅತ್ತೆ ಮಲಗಿದಾರೆ, ಎಬ್ಬಿಸ್ತೀನಿ. ಊಟ ಮಾಡ್ಕೊಂಡು ಹೋಗು."

"ಇನ್ನೂ ತುಂಬಾ ಮನೆ ಇದೆ ಮೇಡಂ," ಅಂದ ಅವನು. ಸಹಿಯಾಗುವವರೆಗೆ ಕಾದು, ಪೆನ್ನು ವಾಪಸು ಪಡೆದು, ಬೈಕು ಹತ್ತಿದ.